ಕಲಮನ್ನು ಕೊನೆಗೆ ಓದುವವರು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಒಂದು ಪುಟ್ಟ ದೇಶ ವಿದ್ಯುನ್ಮಾನ ವಾಣಿಜ್ಯಕ್ಕೂ ಅಂತರ್ಜಾಲ ಭದ್ರತೆಗೂ ತನ್ನ ಮೊದಲ ಕಾನೂನನ್ನು ಬರೆಯಲು ಹೊರಟಿದೆ, ಆ ಕರಡು ತಂಡದಲ್ಲಿ ನೀನೂ ಇದ್ದೀಯೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಐದಾರು ದೇಶಗಳ ಕಾಯ್ದೆಗಳನ್ನು ಎದುರಿಗೆ ಹರಡಿಕೊಂಡು ಒಳ್ಳೊಳ್ಳೆಯ ಕಲಂಗಳನ್ನು ಆರಿಸುತ್ತಿದ್ದೇವೆ ಎಂದು ಬರೆದಿದ್ದೀಯಲ್ಲ, ಅಲ್ಲಿ ನನಗೆ ಕಳವಳವಾಯಿತು. ಜೀವಮಾನವಿಡೀ ಕರಡು ತಿದ್ದಿದವನ ಕಳವಳ ಎಂದು ತಿಳಿದು ಓದು.

ಅವಸರವೇಕೆ ಎಂಬುದು ನನಗೂ ಅರ್ಥವಾಗುತ್ತದೆ. 2000ನೇ ಇಸವಿಯ ಮೇ ತಿಂಗಳಲ್ಲಿ ‘ಐ ಲವ್ ಯು’ ಎಂಬ ತಲೆಬರಹದ ಮಿಂಚಂಚೆ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ಸುತ್ತಿತು. ಪ್ರೇಮಪತ್ರವೆಂದು ತೆರೆದವರ ಕಡತಗಳು ಅಳಿದುಹೋದವು. ಜಾಡು ಹಿಡಿದ ಪೊಲೀಸರು ಮನಿಲಾದ ಒಬ್ಬ ಯುವಕನನ್ನು ತಲುಪಿದರು. ಆದರೆ ಇಂಥ ಕೃತ್ಯವನ್ನು ಅಪರಾಧವೆನ್ನುವ ಕಲಮೇ ಆಗ ಫಿಲಿಪ್ಪೀನ್ಸ್‌ನಲ್ಲಿ ಇರಲಿಲ್ಲ. ಕಳ್ಳತನ, ಕ್ರೆಡಿಟ್ ಕಾರ್ಡ್ ವಂಚನೆಯ ಕಾನೂನುಗಳಡಿ ಎಳೆದು ತರಲು ನೋಡಿದರು. ನಿಲ್ಲಲಿಲ್ಲ, ಆರೋಪ ಬಿದ್ದುಹೋಯಿತು. ಜೂನ್ ತಿಂಗಳಲ್ಲೇ ಅಲ್ಲಿ ವಿದ್ಯುನ್ಮಾನ ವಾಣಿಜ್ಯ ಕಾಯ್ದೆ ಬಂತು. ಆದರೆ ಶಿಕ್ಷೆಯ ಕಾನೂನು ಹಿಂದೆ ನಡೆದುಹೋದುದನ್ನು ಮುಟ್ಟುವುದಿಲ್ಲವಲ್ಲ.

ಆದ್ದರಿಂದ ಕಾನೂನು ಬೇಕು, ಬೇಗ ಬೇಕು. ನನ್ನ ಮಾತು ಇಷ್ಟೇ: ಪ್ರತಿ ಕಲಂ ಬರೆಯುವಾಗಲೂ ಅದನ್ನು ಕಟ್ಟಕಡೆಗೆ ಕೈಗೆತ್ತಿಕೊಳ್ಳುವವರು ಯಾರು ಎಂದು ಕೇಳಿಕೋ. ಅವರು ಮಂತ್ರಿಯಲ್ಲ, ತಜ್ಞರಲ್ಲ. ಕೆಳಹಂತದ ನ್ಯಾಯಾಲಯದ ನ್ಯಾಯಾಧೀಶರು, ಠಾಣೆಯ ಬರಹಗಾರ, ಬ್ಯಾಂಕಿನಲ್ಲಿ ರಾತ್ರಿ ಪಾಳಿಯ ಗುಮಾಸ್ತ.

ವಾಣಿಜ್ಯದ ಭಾಗದಲ್ಲಿ ನಿನಗೆ ದೊಡ್ಡ ಆಸರೆಯಿದೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 1996ರಲ್ಲಿ ಒಂದು ಮಾದರಿ ಕಾನೂನು ಕೊಟ್ಟಿತು. ಅದರ ತಿರುಳು ಬಹಳ ಸೊಗಸು: ಕಾಗದ ಎಂದರೇನು ಎಂದು ಕೇಳಬೇಡ, ಕಾಗದ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳು. ‘ಲಿಖಿತವಾಗಿರಬೇಕು’ ಎಂದು ಹಳೆಯ ಕಾನೂನು ಏಕೆ ಹೇಳಿತು? ಮುಂದೆಂದಾದರೂ ತೆಗೆದು ನೋಡಲು ಸಿಗಲಿ ಎಂದು. ಹಾಗೆ ನೋಡಲು ಸಿಗುವ ದತ್ತಾಂಶ ಸಂದೇಶವೂ, ಅಂದರೆ ಮಿಂಚಂಚೆಯಂಥದ್ದೂ, ಲಿಖಿತವೇ. ಸಹಿ ಏಕೆ ಬೇಕಿತ್ತು? ಬರೆದವರು ಯಾರು, ಅವರು ಒಪ್ಪಿದರೇ ಎಂದು ತಿಳಿಯಲು. ಆ ಎರಡನ್ನೂ ಸಂದರ್ಭಕ್ಕೆ ತಕ್ಕಷ್ಟು ನಂಬಿಕೆಯಿಂದ ತಿಳಿಸುವ ಯಾವ ವಿಧಾನವಾದರೂ ಸಹಿಯೇ. ನ್ಯಾಯಾಧೀಶರ ಕೈಗೆ ಈ ಪ್ರಶ್ನೆಗಳನ್ನು ಕೊಟ್ಟರೆ ಸಾಕು. ಕಂಪ್ಯೂಟರ್ ಒಳಗಿನದನ್ನು ಅರಿಯದವರೂ ನ್ಯಾಯವಾಗಿ ತೀರ್ಮಾನಿಸಬಲ್ಲರು.

ಯಂತ್ರದ ಹೆಸರನ್ನೇ ಕಾನೂನಿನಲ್ಲಿ ಕೆತ್ತಿದರೆ ಮಾತ್ರ ಕಷ್ಟ. ಭಾರತದ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ ಒಂದು ಗುಟ್ಟಿನದು, ಒಂದು ಬಹಿರಂಗದ್ದು ಎಂಬ ಎರಡು ಕೀಲಿಗಳ ಗೂಢಲಿಪಿ ಆಧರಿಸಿದ ಡಿಜಿಟಲ್ ಸಹಿಯನ್ನಷ್ಟೇ ಒಪ್ಪಿತ್ತು. 2008ರ ತಿದ್ದುಪಡಿಯಲ್ಲಿ ‘ವಿದ್ಯುನ್ಮಾನ ಸಹಿ’ ಎಂಬ ವಿಶಾಲ ಮಾತನ್ನು ಸೇರಿಸಬೇಕಾಯಿತು. ಅಮೆರಿಕದ ಯೂಟಾ ರಾಜ್ಯ 1995ರಲ್ಲಿ ತಂದ ಡಿಜಿಟಲ್ ಸಹಿ ಕಾಯ್ದೆಯನ್ನು ಮುಂದೆ ತಾನೇ ರದ್ದುಪಡಿಸಿತು.

ಅಪರಾಧಗಳ ಅಧ್ಯಾಯಕ್ಕೆ ಬಂದಾಗ ನಿನ್ನ ಪೆನ್ನು ನಿಧಾನವಾಗಲಿ. ನಮ್ಮದೇ ಕಾಯ್ದೆಯ 66ಎ ಕಲಂ ‘ತೀವ್ರ ಆಕ್ಷೇಪಾರ್ಹ’ ಸಂದೇಶಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. ಆಕ್ಷೇಪ ಯಾರದು, ತೀವ್ರತೆ ಅಳೆಯುವವರು ಯಾರು? ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಅದನ್ನು ತೊಡೆದುಹಾಕಿತು. ಆಮೇಲಿನದು ನನ್ನನ್ನು ಇಂದಿಗೂ ಕಾಡುತ್ತದೆ. ವರ್ಷಗಳು ಕಳೆದರೂ ಠಾಣೆಗಳಲ್ಲಿ ಅದೇ ಕಲಮಿನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. 2021ರಲ್ಲಿ ನ್ಯಾಯಾಲಯವೇ ಇದು ಆಘಾತಕಾರಿ ಎಂದಿತು, 2022ರಲ್ಲಿ ಮತ್ತೊಮ್ಮೆ ನಿರ್ದೇಶನ ಕೊಡಬೇಕಾಯಿತು. ಸತ್ತ ಕಲಮಿಗೂ ಠಾಣೆಯಲ್ಲಿ ಜೀವವಿತ್ತು. ಅಸ್ಪಷ್ಟ ಪದವೊಂದನ್ನು ಒಮ್ಮೆ ಹೊರಬಿಟ್ಟರೆ ವಾಪಸು ಕರೆಯುವುದು ಅಷ್ಟು ಕಷ್ಟ, ಮಗಳೇ. ಅನುಮತಿಯಿಲ್ಲದೆ ಒಳನುಗ್ಗುವುದು, ದತ್ತಾಂಶ ಕೆಡಿಸುವುದು, ವಂಚಿಸುವುದು ಇವನ್ನು ಚೊಕ್ಕವಾಗಿ ಬರೆ. ಮಾತಿನ ಮೇಲಿನ ನಿರ್ಬಂಧವನ್ನು ಇದೇ ಕಾಯ್ದೆಯೊಳಗೆ ತುರುಕಲು ಯಾರಾದರೂ ಒತ್ತಾಯಿಸಿದರೆ ಬೇಡವೆನ್ನು. ದೋಷ ಕಂಡು ಸದುದ್ದೇಶದಿಂದ ತಿಳಿಸಿದವರನ್ನು ಕಳ್ಳರ ಸಾಲಿಗೆ ಸೇರಿಸಬೇಡ.

ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ವಂಚನೆ ಪ್ರಕರಣವೊಂದರಲ್ಲಿ ಕಂಪ್ಯೂಟರನ್ನು ಜಪ್ತಿ ಮಾಡಿದ್ದರು. ಮಹಜರು ಅಚ್ಚುಕಟ್ಟಾಗಿತ್ತು, ಪಂಚರ ಸಹಿಯಿತ್ತು, ಅರಗಿನ ಮುದ್ರೆಯೂ ಇತ್ತು. ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಯಂತ್ರ ನಿಮ್ಮ ವಶಕ್ಕೆ ಬಂದ ಮೂರನೆಯ ದಿನದ ತಾರೀಖು ಈ ಕಡತಗಳ ಮೇಲೆ ಹೇಗೆ ಬಂತು? ತನಿಖಾಧಿಕಾರಿ ಪ್ರಾಮಾಣಿಕ ಮನುಷ್ಯ. ಒಳಗೇನಿದೆ ನೋಡೋಣವೆಂದು ಠಾಣೆಯಲ್ಲಿ ಯಂತ್ರವನ್ನು ಚಾಲೂ ಮಾಡಿದ್ದರು, ಅಷ್ಟೇ. ಅವರು ಕಟಕಟೆಯ ಅಂಚನ್ನು ಹಿಡಿದು ತಲೆತಗ್ಗಿಸಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ. ಮೂಲವನ್ನು ಮುಟ್ಟದೆ ಪ್ರತಿ ತೆಗೆಯಬೇಕು, ಎರಡರ ಹ್ಯಾಶ್ ಮೌಲ್ಯವೂ (ಒಳಗಿನ ದತ್ತಾಂಶದಿಂದ ಲೆಕ್ಕಹಾಕುವ, ಒಂದಕ್ಷರ ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಸಂಖ್ಯೆ) ಒಂದೇ ಎಂದು ಅಲ್ಲೇ ಬರೆದಿಡಬೇಕು, ಪ್ರತಿಯನ್ನಷ್ಟೇ ಪರಿಶೀಲಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಯ್ದೆ ಮಾತ್ರ ಭರ್ಜರಿಯಾಗಿತ್ತು. ನಿಮ್ಮ ಮಸೂದೆಯ ಜೊತೆಗೆ ತರಬೇತಿಗೂ ಉಪಕರಣಕ್ಕೂ ಹಣದ ಬಾಬ್ತು ಇರಲೇಬೇಕೆಂದು ಹಟ ಹಿಡಿ. ಅದಿಲ್ಲದಿದ್ದರೆ ಜಾರಿ ದಿನಾಂಕವನ್ನು ಮುಂದಕ್ಕೆ ಹಾಕುವುದೇ ಲೇಸು.

ಭದ್ರತೆಯ ಭಾಗಕ್ಕೆ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಥೆಯನ್ನು ತಂಡದ ಎಲ್ಲರಿಗೂ ಓದಿಸು. 2016ರ ಫೆಬ್ರುವರಿಯಲ್ಲಿ ಕಳ್ಳರು ಅದರ ಜಾಲದೊಳಗೆ ಹೊಕ್ಕು, ನ್ಯೂಯಾರ್ಕ್‌ನಲ್ಲಿದ್ದ ಅದರ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ಸಾಗಿಸಲು ಆದೇಶಗಳನ್ನು ಕಳಿಸಿದರು. ವಹಿವಾಟುಗಳನ್ನು ಮುದ್ರಿಸುವ ಪ್ರಿಂಟರ್ ಅಂದು ಕೆಲಸ ಮಾಡಲಿಲ್ಲ. ಸಾಮಾನ್ಯ ದೋಷವಿರಬೇಕೆಂದು ಸಿಬ್ಬಂದಿ ಸುಮ್ಮನಾದರು. ರಜೆಯ ದಿನಗಳೂ ಅಡ್ಡ ಬಂದವು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಒಂದು ಪದದ ಕಾಗುಣಿತ ತಪ್ಪಿದ್ದರಿಂದ ಸಿಕ್ಕಿಬಿತ್ತು. ಆದರೆ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ನ ಖಾತೆಗಳನ್ನು ಸೇರಿ, ಬಹುಪಾಲು ಅಲ್ಲಿನ ಕ್ಯಾಸಿನೊಗಳಲ್ಲಿ ಕರಗಿತು. ಅಲ್ಲಿನ ಅಕ್ರಮ ಹಣ ತಡೆ ಕಾನೂನು ಕ್ಯಾಸಿನೊಗಳಿಗೆ ಆಗ ಅನ್ವಯಿಸುತ್ತಿರಲಿಲ್ಲ. 2017ರಲ್ಲಷ್ಟೇ ಆ ಕಂಡಿಯನ್ನು ಮುಚ್ಚಿದರು. ಪ್ರಿಂಟರ್ ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕೆಂದು ಆ ಸಿಬ್ಬಂದಿಗೆ ತಿಳಿದಿರಬೇಕಿತ್ತು, ರಜೆಯಲ್ಲೂ ಆ ಫೋನ್ ಎತ್ತುವವರು ಇರಬೇಕಿತ್ತು. ಹಾಗಾಗಿ ರಾಷ್ಟ್ರೀಯ ತುರ್ತು ಸ್ಪಂದನಾ ತಂಡವೊಂದನ್ನು ಕಾನೂನಿನಲ್ಲೇ ಕಟ್ಟು. ದಾಳಿಗೊಳಗಾದವರು ತಿಳಿಸಲು ಅವಧಿಯನ್ನು ಗೊತ್ತುಮಾಡು, ಆದರೆ ಸಕಾಲಕ್ಕೆ ತಿಳಿಸಿದವರನ್ನು ಮೊದಲ ದಿನವೇ ದಂಡದಿಂದ ಹೆದರಿಸಬೇಡ. ಹೆದರಿದವರು ಮುಚ್ಚಿಡುತ್ತಾರೆ, ಮುಚ್ಚಿಟ್ಟ ದಾಳಿ ಪಕ್ಕದವರನ್ನೂ ತಿನ್ನುತ್ತದೆ.

ಗಡಿಯಾಚೆಯ ಸಹಕಾರಕ್ಕೆ ಸೈಬರ್ ಅಪರಾಧಗಳ ಕುರಿತ 2001ರ ಬುಡಾಪೆಸ್ಟ್ ಒಪ್ಪಂದವಿದೆ, ಅದನ್ನು ನೀವು ಓದಿಯೇ ಇರುತ್ತೀರಿ. ಅದರಲ್ಲಿ ದಿನದ 24 ಗಂಟೆಯೂ ಸಿಗುವ ಸಂಪರ್ಕ ಕೇಂದ್ರದ ಕಲಮನ್ನು ಮಾತ್ರ ಹಗುರವಾಗಿ ಬಿಡಬೇಡ.

ಮುಂದಿನ ವಾರ ಒಂದು ಕೆಲಸ ಮಾಡು. ಸಹಿಯ ಕಲಮನ್ನೂ ಜಪ್ತಿಯ ಕಲಮನ್ನೂ ಆ ದೇಶದ ಭಾಷೆಯಲ್ಲಿ ಬರೆಸಿಕೊಂಡು, ರಾಜಧಾನಿಯಿಂದ ದೂರದ ಒಂದು ಠಾಣೆಗೂ ಒಂದು ನ್ಯಾಯಾಲಯಕ್ಕೂ ಹೋಗು. ಅಲ್ಲಿನವರ ಕೈಗೆ ಕೊಟ್ಟು, ಇದರಿಂದ ನಿಮಗೇನು ತಿಳಿಯಿತು ಎಂದು ಕೇಳು. ವಿವರಿಸಲು ಹೋಗಬೇಡ, ಅವರು ಹೇಳಿದ್ದನ್ನು ಬರೆದುಕೋ. ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ದಿನ ನನಗೂ ಒಂದು ಪ್ರತಿ ಕಳಿಸು. ವ್ಯಾಖ್ಯೆಗಳ ಅಧ್ಯಾಯದಿಂದ ಓದಲು ತೊಡಗುತ್ತೇನೆ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ