ಮಾತ್ರೆ ಬಾಟಲಿಯ ಲೆಕ್ಕ: ಮಗಳಿಗೊಂದು ಪತ್ರ

ತೀರ್ಥಹಳ್ಳಿ
ಭಾನುವಾರ, ರಾತ್ರಿ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ, "ಶನಿವಾರ ಥೈರಾಯ್ಡ್ ಟೆಸ್ಟ್ ಇದೆ, ಮಾತ್ರೆ ನುಂಗಿ ಹೋಗ್ಲಾ, ಬಿಟ್ಟು ಹೋಗ್ಲಾ?" ಅಂತ ಕೇಳಿದೆಯಲ್ಲ. ಒಲೆಯ ಮೇಲೆ ಹಾಲಿತ್ತು, ಏನೋ ಒಂದು ಹೇಳಿ ಫೋನಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಹದಿನಾಲ್ಕು ವರ್ಷದಿಂದ ಈ ಮಾತ್ರೆ ನುಂಗುತ್ತಿರುವವಳು ನಾನು, ನಿನಗೆ ಸರಿಯಾಗಿ ಹೇಳಬೇಕಾದವಳೂ ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಶನಿವಾರ ರಕ್ತ ಕೊಟ್ಟ ಮೇಲೆ ಮಾತ್ರೆ ತಗೋ. ನುಂಗಿದ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತದಲ್ಲಿ ಟಿ4, ಅಂದರೆ ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು, ಸ್ವಲ್ಪ ಮೇಲೇರಿ, ಆಮೇಲೆ ಇಳಿಯುತ್ತದೆ. ಆ ಹೊತ್ತಿಗೆ ರಕ್ತ ತೆಗೆದರೆ ಟಿ4 ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಏರುವ, ಹೆಚ್ಚಾದರೆ ಇಳಿಯುವ ಟಿಎಸ್‌ಎಚ್ ಒಂದು ಮಾತ್ರೆಗೆ ಅಲುಗಾಡುವುದಿಲ್ಲ. ಅಕಸ್ಮಾತ್ ನಿದ್ದೆಗಣ್ಣಲ್ಲಿ ನುಂಗಿಬಿಟ್ಟರೆ ಗಾಬರಿಯಾಗಿ ಟೆಸ್ಟ್ ತಪ್ಪಿಸಬೇಡ, ಎಷ್ಟು ಗಂಟೆಗೆ ನುಂಗಿದೆ ಅಂತ ಡಾಕ್ಟರಿಗೆ ಹೇಳು. ಥೈರಾಯ್ಡ್ ಒಂದಕ್ಕೇ ಆದರೆ ಉಪವಾಸ ಬೇಕೇಬೇಕು ಅಂತಿಲ್ಲ. ಜೊತೆಗೆ ಶುಗರ್, ಕೊಲೆಸ್ಟ್ರಾಲ್ ಬರೆದಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಬಹುದು, ಚೀಟಿ ನೋಡಿಕೋ. ಕಳೆದ ಸಲ ಬೆಳಿಗ್ಗೆ ಏಳಕ್ಕೆ ಕೊಟ್ಟಿದ್ದರೆ ಈ ಸಲವೂ ಏಳಕ್ಕೇ ಕೊಡು, ಅದೇ ಲ್ಯಾಬಿಗೇ ಕೊಡು. ಟಿಎಸ್‌ಎಚ್ ರಾತ್ರಿಯಿಂದ ಬೆಳಗಿನ ಜಾವದವರೆಗೆ ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿದಿರುತ್ತದೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ ಕೊಟ್ಟು ಎರಡನ್ನೂ ಹೋಲಿಸುವುದು ಸರಿಯಲ್ಲ.

ಆದರೆ ನಾನು ಬರೆಯಲು ಕೂತದ್ದು ಶನಿವಾರದ ವಿಷಯಕ್ಕಲ್ಲ, ಅದರ ಹಿಂದಿನ ಆರು ವಾರದ ವಿಷಯಕ್ಕೆ.

ನೀನು ಪಿಯುಸಿ ಓದುತ್ತಿದ್ದ ವರ್ಷ ನನಗೆ ಕೈ ನಡುಗುತ್ತಿತ್ತಲ್ಲ, ನೆನಪಿದೆಯಾ? ಹೂ ಕಟ್ಟಲು ಕೂತರೆ ಮಲ್ಲಿಗೆ ಮೊಗ್ಗು ದಾರಕ್ಕೆ ಸಿಗುತ್ತಿರಲಿಲ್ಲ, ಗಂಟು ಬಿಗಿಯುವಷ್ಟರಲ್ಲಿ ಜಾರಿ ಮಡಿಲಿಗೆ ಬೀಳುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದೆ ಡಬಡಬ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ನೀವೆಲ್ಲ ನಿನ್ನ ಪರೀಕ್ಷೆಯ ಚಿಂತೆ ಅಂದುಕೊಂಡಿರಿ. ನಿಜ ಬೇರೆ ಇತ್ತು, ಯಾರಿಗೂ ಹೇಳಿರಲಿಲ್ಲ.

ಅದಕ್ಕೆ ಮೊದಲು ನಾನು 75 ಮೈಕ್ರೋಗ್ರಾಂ ಮಾತ್ರೆಯಲ್ಲಿದ್ದೆ. ಅಜ್ಜಿಗೆ ಹುಷಾರಿರಲಿಲ್ಲ, ಮನೆಯಲ್ಲಿ ಅಡಿಕೆ ಸುಲಿತ, ಎದ್ದ ಕೂಡಲೇ ಕಾಫಿ. ಮಾತ್ರೆ ವಾರಕ್ಕೆ ಎರಡು ಮೂರು ದಿನ ತಪ್ಪುತ್ತಿತ್ತು. ಟೆಸ್ಟ್ ದಿನ ಹತ್ತಿರ ಬಂದಾಗ ಹೆದರಿಕೆಯಾಗಿ ಐದು ದಿನ ನಿಯಮವಾಗಿ ನುಂಗಿದೆ. ರಿಪೋರ್ಟಿನಲ್ಲಿ ಟಿ4 ಸರಿಯಾಗಿತ್ತು, ಟಿಎಸ್‌ಎಚ್ ಮಾತ್ರ 11. "ದಿನಾ ತಗೋತೀರಾ?" ಅಂತ ಡಾಕ್ಟರು ಕೇಳಿದರು. "ಹೌದು" ಅಂದೆ. ಅವರು ನಂಬಿ 100ಕ್ಕೆ ಏರಿಸಿದರು. ಆ 11 ನೋಡಿ ಹೆದರಿದ್ದ ನಾನು ಆವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಎರಡು ತಿಂಗಳಿಗೆ ಕೈ ನಡುಕ ಶುರುವಾಯಿತು. ಮುಂದಿನ ಟೆಸ್ಟಿನಲ್ಲಿ ಟಿಎಸ್‌ಎಚ್ 0.05ಕ್ಕೆ ಬಿದ್ದಿತ್ತು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿರಬೇಕು.

ಆಗ ಡಾಕ್ಟರು, "ಹಳೇ 75ರ ಬಾಟಲಿ ಇದ್ದರೆ ತನ್ನಿ" ಅಂದರು. ಅಡುಗೆಮನೆ ಗೂಡಿನಲ್ಲಿ ಇತ್ತು, ಒಯ್ದೆ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಬಾಟಲಿ ಬೋರಲು ಮಾಡಿದರು. ಪೆನ್ನಿನ ಹಿಂಬದಿಯಿಂದ ಎರಡೆರಡೇ ಮಾತ್ರೆ ಪಕ್ಕಕ್ಕೆ ಸರಿಸುತ್ತ ಎಣಿಸಿದರು. ನೂರು ಮಾತ್ರೆಯ ಬಾಟಲಿ, ತೆರೆದ ದಿನದಿಂದ 75 ಬಿಟ್ಟ ದಿನದವರೆಗೆ ಎಪ್ಪತ್ತು ದಿನ. ಮೂವತ್ತು ಉಳಿಯಬೇಕಿತ್ತು. ಐವತ್ತೊಂದು ಇತ್ತು. ಅವರು ಒಂದು ಮಾತೂ ಆಡಲಿಲ್ಲ, ಚೀಟಿಯಲ್ಲಿ ಮತ್ತೆ 75 ಅಂತ ಬರೆದರು. ಆ ಇಪ್ಪತ್ತೊಂದು ಮಾತ್ರೆ ಇವತ್ತಿಗೂ ನನ್ನ ಕಣ್ಣ ಮುಂದಿವೆ.

ಆಮೇಲೆ ಅವರೇ ಬಿಡಿಸಿ ಹೇಳಿದರು. ಟಿ4 ನಾಲ್ಕೈದು ದಿನ ನುಂಗಿದರೆ ರಕ್ತದಲ್ಲಿ ಏರಿಬಿಡುತ್ತದೆ. ಟಿಎಸ್‌ಎಚ್ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕಳಿಸುವಂಥದ್ದು, ನಿಧಾನ. ಬೇಸಿಗೆಯಿಡೀ ನೀರಿಲ್ಲದ ಅಡಿಕೆ ತೋಟಕ್ಕೆ ನೋಡುವವರು ಬರುತ್ತಾರೆಂದು ಹಿಂದಿನ ದಿನ ನೀರು ಬಿಟ್ಟ ಹಾಗೆ: ಬುಡದ ಮಣ್ಣು ಒದ್ದೆಯಾಗಿರುತ್ತದೆ, ಮೇಲೆ ಸೋಗೆ ಹಳದಿಯಾಗಿಯೇ ಇರುತ್ತದೆ. ಅದಕ್ಕೇ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್ ಮಾಡಿಸಲು ಹೇಳುವುದು. ತಪ್ಪಿದ್ದರೆ ತಪ್ಪಿತು ಅಂತಲೇ ಹೇಳು ಪುಟ್ಟಿ. ಎಷ್ಟು ದಿನ ಅಂತಲೂ ಹೇಳು. ಬೈದರೆ ಬೈಯಲಿ, ಬೇಡದ ಡೋಸ್ ಎದೆಯ ಮೇಲೆ ಕೂರುವುದು ತಪ್ಪುತ್ತದೆ.

ಇನ್ನೊಂದು. ದೀಪಾವಳಿಗೆ ಬಂದಾಗ ನಿನ್ನ ಬ್ಯಾಗಿನಲ್ಲಿ ಕೂದಲಿಗೆಂದು ಅಗಿದು ತಿನ್ನುವ ಗಮ್ಮಿ ಡಬ್ಬಿ ನೋಡಿದೆ. ಬಯೋಟಿನ್ 10,000 ಮೈಕ್ರೋಗ್ರಾಂ ಅಂತ ಬರೆದಿತ್ತು. ಅದೊಂದು ವಿಟಮಿನ್, ದೇಹಕ್ಕೆ ದಿನಕ್ಕೆ ಬೇಕಾದದ್ದು ಮೂವತ್ತು ನಲವತ್ತು ಮೈಕ್ರೋಗ್ರಾಂ ಅಷ್ಟೆ. ಅನೇಕ ಲ್ಯಾಬುಗಳ ಯಂತ್ರ ಹಾರ್ಮೋನನ್ನು ಅಳೆಯಲು ಬಯೋಟಿನ್‌ನ ಅಂಟನ್ನೇ ಬಳಸುತ್ತದೆ. ರಕ್ತದಲ್ಲೇ ರಾಶಿ ಬಯೋಟಿನ್ ಇದ್ದರೆ ಆ ಜಾಗ ಅದೇ ಹಿಡಿದುಬಿಡುತ್ತದೆ. ಆಗ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ಬರುತ್ತದೆ. ರಿಪೋರ್ಟ್ ನೋಡಿದವರು ಮಾತ್ರೆ ಹೆಚ್ಚಾಯಿತು ಅಂದುಕೊಂಡು ಕಡಿಮೆ ಮಾಡುತ್ತಾರೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿದೆ. ಕಡೇ ಪಕ್ಷ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ನೀನು ನಾಳೆಯಿಂದಲೇ ನಿಲ್ಲಿಸು, ಲ್ಯಾಬಿನವರಿಗೂ ಹೇಳು. ಕೂದಲು ಉದುರುವುದೇ ಥೈರಾಯ್ಡ್‌ನಿಂದ ಇರಬಹುದು, ಅದು ಹದಕ್ಕೆ ಬರಲಿ.

ನಿನಗೆ ಬರೆದುಕೊಟ್ಟಿರುವ ಕಬ್ಬಿಣದ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡು, ಊಟದ ಹೊತ್ತಿಗೆ ತಗೋ. ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು. ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡು. ನನಗೆ ಅಭ್ಯಾಸವಾಗಲು ವರ್ಷವೇ ಹಿಡಿಯಿತು. ಡಿಕಾಕ್ಷನ್ ಇಳಿಯುವ ವಾಸನೆ ಮೂಗಿಗೆ ಬಡಿಯುವಾಗ ಸುಮ್ಮನೆ ಕೂರುವುದು ಸುಲಭವಲ್ಲ. ಈಗ ಎದ್ದ ಕೂಡಲೇ ನೀರಿನಲ್ಲಿ ನುಂಗಿ ಅಂಗಳ ಗುಡಿಸಿ, ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ.

ಗರ್ಭಕೋಶ ತೆಗೆಸಿದ ಮೇಲೆ ನನಗೆ ಈಸ್ಟ್ರೋಜನ್ ಮಾತ್ರೆ ಕೊಟ್ಟರಲ್ಲ, ಆಗಲೂ ಒಂದು ಪಾಠ ಕಲಿತೆ. ನುಂಗುವ ಈಸ್ಟ್ರೋಜನ್‌ನಿಂದ ಯಕೃತ್ತು ಥೈರಾಯ್ಡ್ ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನನ್ನು ಹೆಚ್ಚು ಮಾಡುತ್ತದೆ. ಹಾರ್ಮೋನಿನ ಹೆಚ್ಚು ಪಾಲು ಅದಕ್ಕೇ ಅಂಟಿಕೊಂಡು, ಬಿಡಿಯಾಗಿ ಉಳಿಯುವುದು ಕಡಿಮೆಯಾಗುತ್ತದೆ. ಗ್ರಂಥಿ ಗಟ್ಟಿಯಿದ್ದವರಿಗೆ ಅದೇ ಸರಿದೂಗಿಸಿಕೊಳ್ಳುತ್ತದೆ, ನಮ್ಮಂಥವರಿಗೆ ಡೋಸ್ ಏರಿಸಬೇಕಾಗಬಹುದು. ಒಟ್ಟು ಟಿ4 ನೋಡಿದರೆ ಜಾಸ್ತಿಯೇ ಕಾಣುತ್ತದೆ, ಆದ್ದರಿಂದ ಟಿಎಸ್‌ಎಚ್ ಮತ್ತು ಫ್ರೀ ಟಿ4, ಅಂದರೆ ಬಿಡಿಯಾಗಿ ಉಳಿದ ಟಿ4, ನೋಡಬೇಕು. ಅನೇಕ ಗರ್ಭನಿರೋಧಕ ಮಾತ್ರೆಗಳಲ್ಲೂ ಈಸ್ಟ್ರೋಜನ್ ಇರುತ್ತದೆ. ನೀನು ಯಾವುದನ್ನಾದರೂ ಶುರು ಮಾಡಿದರೂ ಬಿಟ್ಟರೂ ಥೈರಾಯ್ಡ್ ನೋಡುವ ಡಾಕ್ಟರಿಗೆ ತಿಳಿಸು. ಮುಂದೆ ಬಸುರಾದರೆ, ಗೊತ್ತಾದ ದಿನವೇ ತಿಳಿಸು, ಮುಂದಿನ ಟೆಸ್ಟ್ ದಿನಾಂಕಕ್ಕೆ ಕಾಯಬೇಡ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ.

"ಜೀವನಪೂರ್ತಿ ಮಾತ್ರೆ ನುಂಗಬೇಕಾ ಅಮ್ಮ" ಅಂತ ನೀನು ಅತ್ತದ್ದು ಮನಸ್ಸಿನಲ್ಲಿದೆ. ನನ್ನ ಅಜ್ಜಿಗೆ ಗಳಗಂಡ ಇತ್ತು. ಫೋಟೋ ತೆಗೆಯುವಾಗ ಸೆರಗು ಕುತ್ತಿಗೆ ಸುತ್ತ ಎಳೆದುಕೊಳ್ಳುತ್ತಿದ್ದಳು. ಅಯೋಡಿನ್ ಉಪ್ಪು ಈ ಕಡೆಯ ಅಂಗಡಿಗೆ ಬರುವ ಹೊತ್ತಿಗೆ ಅವಳಿಗೆ ವಯಸ್ಸಾಗಿತ್ತು, ಮಾತ್ರೆ ಕೊಟ್ಟವರೂ ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಮರ್ರೆ ಅನ್ನುವ ಡಾಕ್ಟರು ಥೈರಾಯ್ಡ್ ಸೊರಗಿ ಮೈಯೆಲ್ಲ ಊದಿಕೊಂಡಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸ ಕೊಟ್ಟರು. ಆಕೆ ಅದರ ಬಲದಿಂದಲೇ ಇನ್ನೂ 28 ವರ್ಷ ಬಾಳಿದಳು. ನಮ್ಮ ಕೈಗೆ ಸಾಸಿವೆಗಿಂತ ತುಸು ದೊಡ್ಡ ಗುಳಿಗೆ ಬಂದಿದೆ, ಒಳಗಿರುವುದು ನಮ್ಮ ಗ್ರಂಥಿ ಮಾಡಬೇಕಿದ್ದ ಹಾರ್ಮೋನೇ.

ನಾಳೆ ನಿನ್ನ ಬಾಟಲಿಯ ಮೇಲೆ ಒಂದು ಚೂರು ಕಾಗದ ಅಂಟಿಸಿ ತೆರೆದ ದಿನಾಂಕ ಬರೆ. ಅದನ್ನು ಒಲೆಯ ಹತ್ತಿರದ ಗೂಡಿನಿಂದ ತೆಗೆದು ಮಂಚದ ಪಕ್ಕ ಇಡು, ಬಿಸಿ ತೇವ ಅದಕ್ಕಾಗುವುದಿಲ್ಲ. ಶುಕ್ರವಾರ ರಾತ್ರಿ ಮಾತ್ರೆ ಎಣಿಸಿ, ಎಷ್ಟು ಉಳಿದಿದೆ ಅಂತ ನನಗೆ ಮೆಸೇಜ್ ಮಾಡು. ನಾನೂ ನನ್ನದನ್ನು ಎಣಿಸಿ ಕಳಿಸುತ್ತೇನೆ.

ಅಪ್ಪ ಮಿಡಿ ಉಪ್ಪಿನಕಾಯಿ ಕಟ್ಟಿ ಬಸ್ಸಿಗೆ ಹಾಕಿದ್ದಾರೆ, ಮಂಗಳವಾರ ತಲುಪುತ್ತದೆ.

ಇಂತಿ,
ನಿನ್ನ ಅಮ್ಮ