ಗುಂಪಿಗೆ ಸೂಚನೆ: ದೇಹ ಮಣ್ಣಾಗಿಸುವ ಅಂತ್ಯಸಂಸ್ಕಾರ

ಸಿಯಾಟಲ್ ಬಳಗದ ಎಲ್ಲರಿಗೂ ನಮಸ್ಕಾರ. “ಹೆಣಾನ ಗೊಬ್ಬರ ಮಾಡ್ತಾರಂತೆ” ಅನ್ನೋ ಫಾರ್ವರ್ಡ್ ನೋಡಿ ಇಬ್ಬರು ಹಿರಿಯರು ಗಾಬರಿಯಿಂದ ಫೋನ್ ಮಾಡಿದ್ದರು. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಯಾರಿಗೂ ಬಲವಂತವಿಲ್ಲ.

ನಮ್ಮ ವಾಷಿಂಗ್ಟನ್ ರಾಜ್ಯ 2019ರಲ್ಲಿ ಇದಕ್ಕೆ ಕಾನೂನು ಮಾಡಿತು, ಅಮೆರಿಕದಲ್ಲೇ ಮೊದಲು. 2020ರ ಮೇ 1ರಿಂದ ಜಾರಿಯಲ್ಲಿದೆ. ಮುಚ್ಚಿದ ತೊಟ್ಟಿಯಲ್ಲಿ ಮರದ ಚಕ್ಕೆ, ಒಣಹುಲ್ಲು, ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಹಾಸಿ ದೇಹ ಮಲಗಿಸುತ್ತಾರೆ, ಮೇಲೂ ಅದನ್ನೇ ಹೊದಿಸುತ್ತಾರೆ. ಗಾಳಿ ಆಡಿಸುತ್ತಿದ್ದರೆ ಸೂಕ್ಷ್ಮಜೀವಿಗಳ ಕೆಲಸದಿಂದಲೇ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರೋಗಾಣುಗಳು ಸಾಯುತ್ತವೆ. ಊರಲ್ಲಿ ತಿಪ್ಪೆ ಕೆದಕಿದಾಗ ಹಬೆ ಏಳುತ್ತಿತ್ತಲ್ಲ, ಅದೇ ಶಾಖ. ಕೆಲವು ವಾರಗಳಲ್ಲಿ ಸುಮಾರು ಒಂದು ಘನ ಗಜ ಮಣ್ಣು ಸಿಗುತ್ತದೆ. ಬೇಕಾದಷ್ಟು ಮನೆಗೆ ತಂದು ಉಳಿದದ್ದನ್ನು ಕಾಡಿಗೆ ಕೊಡಬಹುದು.

ಹೋದ ವರ್ಷ ಸಹೋದ್ಯೋಗಿಯೊಬ್ಬರು ತಮ್ಮ ತಾಯಿಯ ಮಣ್ಣನ್ನು ಹಿತ್ತಲ ಸೇಬಿನ ಗಿಡಕ್ಕೆ ಹಾಕುವಾಗ ನಾನೂ ಜೊತೆಗಿದ್ದೆ. ಕಪ್ಪಗೆ, ಉದುರುದುರಾಗಿತ್ತು. ಮಳೆ ನಿಂತ ಕಾಡಿನ ವಾಸನೆ. ಅವರು ಬೊಗಸೆಯಲ್ಲಿ ಹಿಡಿದು ತುಂಬಾ ಹೊತ್ತು ಹಾಗೇ ನಿಂತಿದ್ದರು.

ಒಂದು ಮಾತು ಗಮನಿಸಿ: ಇದರಲ್ಲಿ ಮೂಳೆಯೂ ಮಣ್ಣಿನಲ್ಲೇ ಸೇರುತ್ತದೆ, ಅಸ್ಥಿ ಬೇರೆಯಾಗಿ ಸಿಗದು. ಕಾವೇರಿಯಲ್ಲಿ ಬಿಡಬೇಕು ಅನ್ನುವವರಿಗೆ ದಹನ ಸರಿ. ಕ್ಷಾರದ ನೀರಿನಲ್ಲಿ ದೇಹ ಕರಗಿಸುವ ವಿಧಾನವೂ ಇಲ್ಲಿ ಕಾನೂನುಬದ್ಧ. 2021ರಲ್ಲಿ ತೀರಿಕೊಂಡ ದಕ್ಷಿಣ ಆಫ್ರಿಕಾದ ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟುಟು ಆರಿಸಿಕೊಂಡಿದ್ದು ಅದನ್ನೇ. ಅದರಲ್ಲಿ ಮೂಳೆಪುಡಿ ಮನೆಯವರ ಕೈಗೆ ಬರುತ್ತದೆ.

ಭಾನುವಾರ ಸಂಜೆ 4ಕ್ಕೆ ನಮ್ಮ ಮನೆಯಲ್ಲಿ ಕೂತು ಮಾತಾಡೋಣ. ಅಪ್ಪ ಅಮ್ಮನನ್ನೂ ಕರೆತನ್ನಿ, ಅವರ ಇಷ್ಟ ಏನೆಂದು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳೋಣ.