ದೋಣಿ ನಿಮ್ಮದಾದರೆ ಮಾತೂ ನಿಮ್ಮದೇ

ಮಾನ್ಯ ಸಂಪಾದಕರೇ,

ನಾನು ಗದಗ ಕಡೆಯವನು, 22 ವರ್ಷದಿಂದ ಗೋವಾದ ವಾಸ್ಕೋದಲ್ಲಿ, ಬೈನಾ ಹತ್ತಿರ ಇದ್ದೇನೆ. ದೀಪಾವಳಿ ಮುಗಿದರೆ ಸಾಕು, ಮೇ ತಿಂಗಳವರೆಗೆ ಊರಿನಿಂದ ಯಾರಾದರೊಬ್ಬರು ಮನೆಗೆ ಬರುತ್ತಲೇ ಇರುತ್ತಾರೆ. ಬಂದವರು ಬ್ಯಾಗ್ ಇಡುವ ಮೊದಲೇ ಕೇಳುವುದು ಒಂದೇ. ನಮ್ಮಷ್ಟಕ್ಕೇ ಒಂದು ದೋಣಿ ಮಾಡಿಕೊಂಡು ಗ್ರಾಂಡೆ ದ್ವೀಪ ಸುತ್ತಿ ಬರೋಣ, ಡಾಲ್ಫಿನ್ ನೋಡೋಣ ಅಂತ. ನನಗೂ ಆ ಸುತ್ತು ಅಂದರೆ ಪ್ರಾಣ. ಆದರೆ ಈ ಜನವರಿಯಲ್ಲಿ ಅಲ್ಲಿ ನೋಡಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಏಳಕ್ಕೆ ಅಕ್ಕ, ಭಾವ, ಇಬ್ಬರು ಮಕ್ಕಳ ಜೊತೆ ಹೊರಟೆ. ಹೊರಡುವುದಾದರೆ ಬೆಳಿಗ್ಗೆಯೇ ಹೊರಡಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಜಾಸ್ತಿಯಾಗುತ್ತದೆ, ವಾಪಸ್ ಬರುವಾಗ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ. ದೂರದಲ್ಲಿ ಮರ್ಮಗೋವಾ ಬಂದರಿಗೆ ಬಂದ ಹಡಗುಗಳು ಸರದಿಗೆ ಕಾಯುತ್ತಾ ನಿಂತಿದ್ದವು. ದ್ವೀಪ ಇನ್ನೂ ದೂರ ಇರುವಾಗಲೇ ಯಾರೋ ಕೈ ತೋರಿಸಿ ಕೂಗಿದರು. ಅಷ್ಟೇ, ಸುತ್ತಮುತ್ತ ಇದ್ದ ಏಳು ದೋಣಿ ಒಮ್ಮೆಲೇ ಆ ಕಡೆ ತಿರುಗಿದವು. ನಮ್ಮದೂ ಸೇರಿ.

ಮೂರು ಡಾಲ್ಫಿನ್ ಇದ್ದವು. ಬೆನ್ನ ಮೇಲೆ ಗೂನಿನಂತೆ ಉಬ್ಬು ಇರುವ ಜಾತಿ ಅದು, ನಮ್ಮ ಕರಾವಳಿಯಲ್ಲಿ ದಡಕ್ಕೆ ಹತ್ತಿರ, ಕಡಿಮೆ ಆಳದ ನೀರಿನಲ್ಲೇ ಬದುಕುತ್ತದೆ. ಅವು ಮೀನಲ್ಲ, ನಮ್ಮ ಹಾಗೆ ಉಸಿರಾಡುವ, ಮರಿಗೆ ಹಾಲು ಕುಡಿಸುವ ಪ್ರಾಣಿ. ಉಸಿರಿಗಾಗಿ ಮೇಲೆ ಬರಲೇಬೇಕು. ಒಂದು ಮೇಲೆ ಬಂದರೆ ಈ ಕಡೆಯಿಂದ ಎರಡು ದೋಣಿ ನುಗ್ಗುವುದು, ಅದು ಮುಳುಗಿ ಆಚೆ ಎದ್ದರೆ ಆ ಕಡೆಯಿಂದ ಮತ್ತೆರಡು. ಹೀಗೇ ಇಪ್ಪತ್ತು ನಿಮಿಷ ನಡೆಯಿತು. ನೀರಿನ ಮೇಲೆಲ್ಲ ಪೆಟ್ರೋಲ್ ವಾಸನೆ, ಎಲ್ಲರ ಕೈಯಲ್ಲೂ ಮೊಬೈಲ್. ಆಗ ಅಕ್ಕ ನನ್ನ ತೋಳು ಹಿಡಿದು, "ಅದರ ಬಗಲಾಗ ಮರಿ ಐತಿ ನೋಡೋ" ಅಂದಳು. ಹೌದು, ದೊಡ್ಡದರ ಪಕ್ಕಕ್ಕೆ ಅಂಟಿಕೊಂಡು ಒಂದು ಪುಟ್ಟ ಬೆನ್ನು. ತಾಯಿ ಉಸಿರು ತೆಗೆದುಕೊಳ್ಳುವ ಮೊದಲೇ ಮರಿಯನ್ನು ಕರೆದುಕೊಂಡು ಮತ್ತೆ ಮುಳುಗುತ್ತಿದೆ ಅನ್ನಿಸಿತು ನನಗೆ.

ದೋಣಿ ನಡೆಸುತ್ತಿದ್ದ ಹುಡುಗ ನಮ್ಮ ಕೊಪ್ಪಳದ ಕಡೆಯವನೇ. "ಸಾಕಪ್ಪಾ, ಹಿಂದೆ ತಿರುಗಿಸು" ಅಂದೆ. ಅವನ ಮುಖ ನೋಡಬೇಕಿತ್ತು, ಹಗುರಾದ. "ಅಣ್ಣಾ, ಹತ್ತಿರ ಹೋಗದಿದ್ರೆ ಜನ ಬೈತಾರೆ, ಡಾಲ್ಫಿನ್ ಕಾಣದಿದ್ರೆ ದುಡ್ಡೇ ಕೊಡಲ್ಲ" ಅಂದ. ತಪ್ಪು ಅವನದಷ್ಟೇ ಅಲ್ಲ ಅಂತ ನನಗೆ ತಿಳಿದದ್ದು ಆಗ. ಕಾಣದಿದ್ದರೆ ಹಣ ವಾಪಸ್ ಅಂತ ದಡದಲ್ಲಿ ಕೂಗಿ ಕೂಗಿ ಜನ ಹತ್ತಿಸಿದರೆ, ನೀರಿನಲ್ಲಿ ಅವನು ಬೆನ್ನಟ್ಟದೆ ಇನ್ನೇನು ಮಾಡಿಯಾನು?

ನಾನು ಹೇಳಬೇಕಾದ್ದು ಇಷ್ಟೇ. ಇಪ್ಪತ್ತು ಜನರ ದೋಣಿಯಲ್ಲಿ ನಿಮ್ಮೊಬ್ಬರ ಮಾತು ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿದಿದ್ದೀರಿ ಅಂದರೆ ಅದು ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ, ಅಲ್ವಾ? ಹತ್ತುವ ಮೊದಲೇ ಹೇಳಿಬಿಡಿ: ಡಾಲ್ಫಿನ್ ಕಾಣಲಿ, ಬಿಡಲಿ, ಪೂರ್ತಿ ಹಣ ಕೊಡುತ್ತೇವೆ, ಅಟ್ಟಿಸಿಕೊಂಡು ಹೋಗಬೇಡ, ದೂರದಲ್ಲೇ ಮೋಟರ್ ನಿಲ್ಲಿಸು. ಡಾಲ್ಫಿನ್ ದಾರಿ ಹುಡುಕುವುದು, ಮೀನು ಹಿಡಿಯುವುದು ಎಲ್ಲ ಶಬ್ದದಿಂದ. ಏಳು ಮೋಟರ್ ಒಟ್ಟಿಗೆ ಗರ್ ಅಂದರೆ ಅದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಡಾಲ್ಫಿನ್ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ದ್ವೀಪದ ಸುತ್ತ ಇರುವ ಹವಳವೂ ಅದೇ ಪಟ್ಟಿಯಲ್ಲಿದೆ, ಹಾಗಾಗಿ ಸ್ನಾರ್ಕಲಿಂಗ್‌ಗೆ, ಅಂದರೆ ಮುಖವಾಡ ಹಾಕಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದಕ್ಕೆ, ನಿಲ್ಲಿಸುವಾಗ ಲಂಗರನ್ನು ಹವಳದ ಮೇಲೆ ಹಾಕಬೇಡ ಅಂತಲೂ ಹೇಳಿ.

ಲೈಫ್ ಜಾಕೆಟ್ ವಿಷಯವನ್ನೂ ಇಲ್ಲೇ ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಮುಂಬೈನ ಎಲಿಫೆಂಟಾ ದಾರಿಯಲ್ಲೂ ನಮ್ಮ ಕಲಂಗುಟ್‌ನಲ್ಲೂ ದೋಣಿ ಮಗುಚಿ ಜನ ಸತ್ತರು. ಜಾಕೆಟ್ ಸುಮ್ನೆ ಹೆಗಲಿಗೆ ಹಾಕಿಕೊಂಡರೆ ಸಾಲದು, ಬಕಲ್ ಹಾಕಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಕೇಳಿ, ಇಲ್ಲ ಅಂದರೆ ಆ ದೋಣಿ ಹತ್ತಬೇಡಿ.

ಆ ದಿನ ನಾವು ಗುಂಪು ಬಿಟ್ಟು ದ್ವೀಪದ ಕಡೆ ಹೋಗಿ ಮೋಟರ್ ನಿಲ್ಲಿಸಿ ಕೂತೆವು. ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು, ಕೊಪ್ಪಳದ ಹುಡುಗನಿಗೂ. ತಿನ್ನುತ್ತಿದ್ದಾಗ ಹಿಂದಿನಿಂದ ಫುಸ್ ಅಂತ ಉಸಿರಿನ ಸದ್ದು. ತಿರುಗಿ ನೋಡಿದರೆ ಎರಡು ಡಾಲ್ಫಿನ್, ಅವಸರವಿಲ್ಲದೆ ಏಳುತ್ತಾ ಮುಳುಗುತ್ತಾ ತಮ್ಮ ಪಾಡಿಗೆ ಹೋಗುತ್ತಿದ್ದವು. ಮೋಟರ್ ನಡೆಯುತ್ತಿದ್ದರೆ ಆ ಉಸಿರು ಕೇಳುತ್ತಲೇ ಇರಲಿಲ್ಲ. ಮಕ್ಕಳು ಊರಿಗೆ ಹೋದ ಮೇಲೂ ಫೋನಿನಲ್ಲಿ ಆ ಸದ್ದನ್ನೇ ಮಾಡಿ ತೋರಿಸುತ್ತಾರೆ.

ದೋಣಿ ಟಿಕೆಟ್ ಕೊಡುವ ಜಾಗದಲ್ಲಿ ಈ ನಾಲ್ಕು ಮಾತು ಬರೆದ ಫಲಕ ಕನ್ನಡದಲ್ಲೂ ಬೇಕು, ಬರುವವರಲ್ಲಿ ನಮ್ಮವರು ಅಷ್ಟು ಜನ ಇದ್ದಾರೆ. ಸಂಬಂಧಪಟ್ಟವರು ಒಪ್ಪಿದರೆ ನಾನೇ ಬರೆದು ಕೊಡುತ್ತೇನೆ, ಹಲಗೆ, ಬಣ್ಣದ ಖರ್ಚೂ ನನ್ನದೇ.

ಇಂತಿ,
ನಿಮ್ಮ ಓದುಗ,
ಬೈನಾ, ವಾಸ್ಕೋ, ಗೋವಾ